ಬೇಸಿಗೆ ರಜೆಗೆ ಘಾಟಿ ಇಳಿಯೋದು: ಆಗುಂಬೆಯೋ, ಹುಲಿಕಲ್ಲೋ, ಕೊಲ್ಲೂರೋ?

ಭದ್ರಾವತಿ ಬಯಲು

ಮೇ ಮೊದಲ ವಾರ ಮನೆಮಂದಿಯೆಲ್ಲ ಮಲ್ಪೆ ಕಡೆ ಹೊರಟಿದ್ದೀವಿ. ಅಪ್ಪ, ಅಮ್ಮ, ಹೆಂಡತಿ, ಆರು ವರ್ಷದ ಮಗಳು, ನಾನು. ಕಾರು ಚಿಕ್ಕದು, 1.2 ಲೀಟರ್ ಪೆಟ್ರೋಲ್, ಮ್ಯಾನ್ಯುಯಲ್ ಗೇರು. ಡಿಕ್ಕಿ ತುಂಬ ಸಾಮಾನು ಇರುತ್ತೆ. ಹೈವೇಯಲ್ಲಿ ಬೆಂಗಳೂರು, ಹುಬ್ಬಳ್ಳಿ ಅಂತ ಧಾರಾಳವಾಗಿ ಓಡಿಸ್ತೀನಿ, ಆದ್ರೆ ಘಾಟಿಯಲ್ಲಿ ಇಲ್ಲೀವರೆಗೆ ಪಕ್ಕದ ಸೀಟಲ್ಲಿ ಕೂತು ಗೊತ್ತೇ ಹೊರತು ಸ್ಟಿಯರಿಂಗ್ ಹಿಡಿದು ಗೊತ್ತಿಲ್ಲ. ಅಪ್ಪನಿಗೆ ಆಗುಂಬೆ ಸೂರ್ಯಾಸ್ತ ನೋಡ್ಕೊಂಡು ಇಳಿಯೋ ಆಸೆ. ಭಾವ ಹುಲಿಕಲ್ ಮೇಲೆ ಹೋಗು ಅಂತಾರೆ, ಪಕ್ಕದ ಮನೆಯವರು ಕೊಲ್ಲೂರು ಅಂತಾರೆ. ಮ್ಯಾಪ್ ನೋಡಿದ್ರೆ ಎಷ್ಟು ಹೊತ್ತು ಅಂತ ಹೇಳುತ್ತೆ, ರಸ್ತೆ ಎಂಥದ್ದು ಅಂತ ಹೇಳಲ್ಲ. ಆ ಕಡೆ ದಿನಾ ಓಡಾಡೋರು ದಯವಿಟ್ಟು ತಿಳಿಸಿ. ಮಗಳಿಗೆ ತಿರುವು ಶುರುವಾದ್ರೆ ವಾಂತಿ ಬೇರೆ.

ಮೇಗರವಳ್ಳಿ

ಆಗುಂಬೆಯಲ್ಲೇ ಇಳೀರಿ. ಶಿವಮೊಗ್ಗದಿಂದ ತೀರ್ಥಹಳ್ಳಿ ಅರವತ್ತು ಚಿಲ್ಲರೆ ಕಿಲೋಮೀಟರ್, ಅಲ್ಲಿಂದ ಆಗುಂಬೆ ಮೂವತ್ತು ಚಿಲ್ಲರೆ. ಇಷ್ಟು ದೂರದಲ್ಲಿ ಎಲ್ಲೂ ಘಾಟಿ ಹತ್ತಿದೆ ಅಂತ ನಿಮಗೆ ಅನ್ಸೋದೇ ಇಲ್ಲ. ಶಿವಮೊಗ್ಗ ಇರೋದೇ ಸಮುದ್ರಮಟ್ಟದಿಂದ 570 ಮೀಟರ್ ಹತ್ತಿರ, ಆಗುಂಬೆ 640ರ ಆಸುಪಾಸು. ಸಹ್ಯಾದ್ರಿ ಪೂರ್ವಕ್ಕೆ ನಿಧಾನವಾಗಿ ಇಳಿಯುತ್ತೆ, ಪಶ್ಚಿಮಕ್ಕೆ ಕಡಿದಾಗಿ ಬೀಳುತ್ತೆ. ಆ ಬೀಳೋ ಜಾಗವೇ ಘಾಟಿ. ಆಗುಂಬೆ ದಾಟಿ ಘಾಟಿ ಬುಡದ ಸೋಮೇಶ್ವರ ಮುಟ್ಟೋದರೊಳಗೆ ಸುಮಾರು ಅರ್ಧ ಕಿಲೋಮೀಟರ್ ಎತ್ತರ ಇಳಿದಿರ್ತೀರಿ, 14 ಹೇರ್‌ಪಿನ್ ತಿರುವುಗಳಲ್ಲಿ.

ಹೊಸಬರಿಗೆ ಈ ರಸ್ತೆ ಒಳ್ಳೇದು ಅಂತ ಹೇಳೋಕೆ ಕಾರಣ ಒಂದೇ: ದೊಡ್ಡ ಲಾರಿಗಳಿಗೆ ಇಲ್ಲಿ ಪ್ರವೇಶ ಇಲ್ಲ. ಬಸ್ಸೂ ಮಿನಿ ಬಸ್ಸೇ, ಉದ್ದನೆ ಬಸ್ಸು ಆ ತಿರುವುಗಳಲ್ಲಿ ತಿರುಗಲ್ಲ. ಕಾರು, ಬೈಕು, ಮಿನಿ ಬಸ್ಸು, ಟೆಂಪೋ, ಇಷ್ಟೇ ಎದುರಾಗೋದು.

ಹೊಸನಗರ ರಸ್ತೆ

ಮೇಗರವಳ್ಳಿಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ಆಗುಂಬೆ ತಿರುವುಗಳು ತುಂಬಾ ಬಿಗಿ. ಮೊದಲ ಸಲ ಇಳಿಯೋನಿಗೆ ಅಂಥ ತಿರುವು ಒಂದರ ಹಿಂದೆ ಒಂದು ಬಂದ್ರೆ ಕೈ ನಡುಗುತ್ತೆ. ಹುಲಿಕಲ್ ಘಾಟಿ, ನಾವು ಬಾಳೆಬರೆ ಅಂತೀವಿ, ರಾಜ್ಯ ಹೆದ್ದಾರಿ 52, ಹೊಸನಗರ, ಮಾಸ್ತಿಕಟ್ಟೆ ಮೇಲೆ ಹೊಸಂಗಡಿಗೆ ಇಳಿಯುತ್ತೆ. ಇಲ್ಲಿ ತಿರುವುಗಳಿಗೆ ಅಗಲ ಇದೆ. ಘಾಟಿಯ ತಿರುವಲ್ಲೇ ಚಂಡಿಕಾಂಬೆ ಗುಡಿ ಇದೆ, ಬಸ್ಸಿನವರು, ಲಾರಿಯವರು ನಿಲ್ಲಿಸಿ ಕೈ ಮುಗಿದೇ ಮುಂದೆ ಹೋಗೋದು. ನೀವೂ ಐದು ನಿಮಿಷ ನಿಲ್ಲಿಸಿ, ಗಾಡಿಗೂ ಬಿಡುವು ಸಿಗುತ್ತೆ.

ಕೆಳಗೆ ಹೊಸಂಗಡಿಯಲ್ಲಿ ವಾರಾಹಿ ಭೂಗರ್ಭ ವಿದ್ಯುದಾಗಾರ ಇದೆ, 460 ಮೆಗಾವಾಟ್. ಮೇಲೆ ಮಾಣಿ ಅಣೆಕಟ್ಟೆಯಲ್ಲಿ ನಿಂತ ನೀರನ್ನ ಇದೇ ಬೆಟ್ಟದ ಒಳಗಿಂದ ಬೀಳಿಸಿ ಕರೆಂಟ್ ಮಾಡ್ತಾರೆ. ನೀವು ಹೊರಗಿನ ರಸ್ತೆಯಲ್ಲಿ ಇಳಿಯೋವಾಗ ನೀರು ಒಳಗೆ ಇಳೀತಿರುತ್ತೆ.

ಮೇಗರವಳ್ಳಿ

ಅಗಲ ಇದೆ ನಿಜ. ಆದ್ರೆ ಆಗುಂಬೆಯಲ್ಲಿ ಬಿಡದ ಲಾರಿ ಎಲ್ಲ ಬರೋದು ಅಲ್ಲಿಗೇ ಅಲ್ವಾ? ಮುಂದೆ ಲೋಡ್ ಲಾರಿ, ಹಿಂದೆ ಹಾರ್ನ್ ಹೊಡೆಯೋ ಬಸ್ಸು, ಮಧ್ಯೆ ಹೊಸ ಡ್ರೈವರ್. ಅದೂ ಅಲ್ದೆ ಹುಲಿಕಲ್ ಇಳಿದ್ರೆ ಸಿಗೋದು ಸಿದ್ದಾಪುರ, ಕುಂದಾಪುರ. ಮಲ್ಪೆಗೆ ಮತ್ತೆ ದಕ್ಷಿಣಕ್ಕೆ ಬರಬೇಕು.

ಹೊಸನಗರ ರಸ್ತೆ

ಕುಂದಾಪುರದಿಂದ ಉಡುಪಿಗೆ ನಾಲ್ಕು ಪಥದ ಹೆದ್ದಾರಿ ಇದೆ, ಅದೇನು ದೊಡ್ಡ ವಿಷಯ ಅಲ್ಲ. ಲಾರಿ ವಿಷಯ ಒಪ್ತೀನಿ.

ಮಿನಿ ಬಸ್ ಸ್ಟಿಯರಿಂಗ್

ನಾನು ಆಗುಂಬೆ ಘಾಟಿಯಲ್ಲಿ ಮಿನಿ ಬಸ್ ಓಡಿಸೋನು. ಯಾವ ಘಾಟಿ ಅನ್ನೋದಕ್ಕಿಂತ ಹೇಗೆ ಇಳೀತೀರಿ ಅನ್ನೋದು ಮುಖ್ಯ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಓದಿ.

ಘಾಟಿ ಇಳಿಸೋದು ಗೇರು. ಬ್ರೇಕು ಸಹಾಯಕ್ಕೆ ಮಾತ್ರ. ಯಾವ ಗೇರಲ್ಲಿ ಹತ್ತಬೇಕಾಗುತ್ತೋ ಅದೇ ಗೇರಲ್ಲಿ ಇಳೀರಿ ಅಂತ ನಮಗೆ ಹಳಬರು ಕಲಿಸಿದ್ದು. ನಿಮ್ಮ ಕಾರಿಗೆ ಆಗುಂಬೆಯಲ್ಲಿ ಎರಡನೇ ಗೇರು, ಬಿಗಿ ತಿರುವಲ್ಲಿ ಒಂದನೇ ಗೇರು. ಎಂಜಿನ್ ಗುಂಯ್ ಅಂತ ಕೂಗುತ್ತೆ, ಪಕ್ಕದಲ್ಲಿ ಕೂತೋರು ಗೇರ್ ಬದಲಿಸು ಅಂತಾರೆ. ಕೇಳ್ಬೇಡಿ. ಆ ಸದ್ದೇ ಗಾಡಿಯನ್ನ ಹಿಡಿದಿರೋದು. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದ್ರೆ ಆರೇಳು ತಿರುವು ದಾಟೋದರೊಳಗೆ ಸುಟ್ಟ ವಾಸನೆ ಬರುತ್ತೆ, ಆಮೇಲೆ ಪೆಡಲ್ ಮೆತ್ತಗಾಗುತ್ತೆ. ವೇಗ ಜಾಸ್ತಿ ಅನ್ಸಿದಾಗ ತಿರುವಿಗೆ ಮುಂಚೆ ನೇರ ರಸ್ತೆಯಲ್ಲಿ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಒತ್ತಿ, ಬಿಡಿ. ಸವರ್ತಾ ಇರಬೇಡಿ.

ಇನ್ನು ತಿರುವು. ಇಳಿಯೋವಾಗ ಎಡಕ್ಕೆ ತಿರುಗೋ ಹೇರ್‌ಪಿನ್ ಇದೆಯಲ್ಲ, ಅಲ್ಲಿ ನೀವು ಒಳಗಡೆ ಇರ್ತೀರಿ. ರಸ್ತೆ ಅತಿ ಕಡಿದಾಗಿರೋದು ಆ ಒಳಗಿನ ಮೂಲೆಯಲ್ಲೇ. ನನ್ನ ಬಸ್ಸು ಕೆಳಗಿಂದ ಹತ್ತಿ ಬರ್ತಾ ಅದೇ ತಿರುವು ತಗೋಬೇಕಾದ್ರೆ ಇಡೀ ರಸ್ತೆ ಬೇಕು. ಮುಂದಿನ ಚಕ್ರ ಹೊರಗಿನ ಅಂಚಿಗೆ ಹೋಗಿರುತ್ತೆ, ಹಿಂದಿನ ಚಕ್ರ ನಿಮ್ಮ ಕಡೆಗೆ ಕತ್ತರಿಸ್ಕೊಂಡು ಬರುತ್ತೆ. ಆ ಹೊತ್ತಿಗೆ ನೀವು ತಿರುವಿನ ಬಾಯಿಗೆ ಬಂದು ನಿಂತಿದ್ರೆ ನಾನೂ ನಿಲ್ಲಿಸಬೇಕು. ತುಂಬಿದ ಬಸ್ಸನ್ನ ಆ ಏರಲ್ಲಿ ನಿಲ್ಲಿಸಿ ಮತ್ತೆ ಎತ್ತೋದು ಎಷ್ಟು ಕಷ್ಟ ಅಂತ ಓಡಿಸಿದೋರಿಗೇ ಗೊತ್ತು. ಹಿಂದೆ ನಾಲ್ಕು ಕಾರು ಅಂಟ್ಕೊಂಡಿರ್ತವೆ, ರಿವರ್ಸ್ ಬರೋಕೂ ಜಾಗ ಇರಲ್ಲ.

ಅದಕ್ಕೆ, ತಿರುವಿಗೆ ಎರಡು ಕಾರು ಉದ್ದ ಹಿಂದೆಯೇ ನಿಂತು ಕೆಳಗಿನ ರಸ್ತೆ ನೋಡಿ. ಆಗುಂಬೆಯಲ್ಲಿ ಬಹಳ ಕಡೆ ಮರದ ಸಂದಿಯಲ್ಲಿ ಕೆಳಗಿನ ಸುತ್ತು ಕಾಣುತ್ತೆ. ಹಾರ್ನ್ ಮಾಡಿ, ಉತ್ತರ ಬರುತ್ತಾ ಕೇಳಿ. ಕಿಟಕಿ ಒಂದಿಷ್ಟು ಇಳಿಸಿದ್ರೆ ಮಾತ್ರ ಕೇಳುತ್ತೆ, ಹಾಡು ಹಾಕ್ಕೊಂಡು ಗಾಜು ಮುಚ್ಚಿದ್ರೆ ಕೇಳಲ್ಲ. ಗಾಡಿ ಬರ್ತಿದ್ರೆ ಅದು ತಿರುವು ಮುಗಿಸಿ ನಿಮ್ಮನ್ನ ದಾಟೋವರೆಗೆ ಕಾಯಿರಿ. ಹತ್ತೋ ಗಾಡಿಗೆ ಮೊದಲು ದಾರಿ. ಇದು ಮರ್ಯಾದೆ ಮಾತು ಮಾತ್ರ ಅಲ್ಲ, ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಇಳಿಯೋನು ಹತ್ತೋನಿಗೆ ಬಿಟ್ಟುಕೊಡಬೇಕು ಅಂತ ಸಂಚಾರ ನಿಯಮದಲ್ಲೇ ಇದೆ.

ತಿರುವಲ್ಲಿ ಓವರ್‌ಟೇಕ್ ಮಾಡೋ ವಿಷಯ ನಾನು ಬರೆಯಲ್ಲ. ಅದನ್ನ ಹೇಳಿಸ್ಕೊಳ್ಳಬೇಕಾದವರು ಘಾಟಿಗೆ ಬರಬಾರದು.

ಭದ್ರಾವತಿ ಬಯಲು

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಒಂದು ಪ್ರಶ್ನೆ. ಇಳಿಜಾರಲ್ಲಿ ನ್ಯೂಟ್ರಲ್ ಮಾಡಿದ್ರೆ ಪೆಟ್ರೋಲ್ ಉಳಿಯುತ್ತೆ ಅಂತ ಆಫೀಸಲ್ಲಿ ಒಬ್ಬರು ಹೇಳಿದ್ರು. ಸ್ವಲ್ಪ ಸ್ವಲ್ಪ ಹೊತ್ತು ಮಾಡಬಹುದಾ?

ಗ್ಯಾರೇಜು ಗಾಂಧಿ ಬಜಾರ್

ಬೇಡವೇ ಬೇಡ. ಮೊದಲನೇದಾಗಿ ಉಳಿಯಲ್ಲ. ಈಗಿನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರ್ ಹಾಕಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿದ್ರೆ ಇಂಜೆಕ್ಟರ್ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತೆ. ಚಕ್ರವೇ ಎಂಜಿನ್ ತಿರುಗಿಸುತ್ತೆ. ನ್ಯೂಟ್ರಲ್ ಮಾಡಿದ್ರೆ ಎಂಜಿನ್ ಐಡ್ಲಿಂಗ್‌ಗೆ ಅಂತ ಪೆಟ್ರೋಲ್ ಕುಡಿಯುತ್ತೆ. ಅಂದ್ರೆ ಉಳಿಸೋಕೆ ಹೋಗಿ ಖರ್ಚು ಮಾಡ್ತೀರಿ, ಜೊತೆಗೆ ಇಡೀ ಗಾಡಿಯ ಭಾರ ಬ್ರೇಕ್ ಮೇಲೆ. ಇನ್ನು ಎಂಜಿನ್ ಆಫ್ ಮಾಡಿ ಇಳಿಯೋರೂ ಇದಾರೆ. ಪವರ್ ಸ್ಟಿಯರಿಂಗ್ ಹೋಗುತ್ತೆ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕಿಗೆ ಬಲ ಕೊಡೋ ಬೂಸ್ಟರೂ ಖಾಲಿ, ಪೆಡಲ್ ಕಲ್ಲಾಗುತ್ತೆ.

ಹೊರಡೋ ವಾರ ಮುಂಚೆ ಗಾಡಿಯನ್ನ ಒಮ್ಮೆ ತೋರಿಸಿ. ಬ್ರೇಕ್ ಪ್ಯಾಡ್ ದಪ್ಪ ಎಷ್ಟಿದೆ, ಹಿಂದಿನ ಡ್ರಮ್ ಹೇಗಿದೆ ನೋಡಿಸಿ. ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ದಾಟಿದ್ರೆ ಬದಲಿಸಿ. ಅದು ಗಾಳಿಯ ತೇವ ಹೀರ್ಕೊಳ್ಳುತ್ತೆ, ಹಳೇದಾದಷ್ಟೂ ಬೇಗ ಕುದಿಯುತ್ತೆ, ಕುದ್ದು ಆವಿಯಾದ್ರೆ ಪೆಡಲ್ ನೆಲಕ್ಕೆ ಹೋಗುತ್ತೆ. ಮಲೆನಾಡಲ್ಲಿ ಇರೋ ಗಾಡಿಗಳಿಗಂತೂ ಇದು ಮುಖ್ಯ. ಕೂಲೆಂಟ್ ನೋಡಿ. ಐದು ಜನ, ಸಾಮಾನು ಅಂದ್ರೆ ಟೈರಿಗೆ ಗಾಳಿ ಮಾಮೂಲಿಗಿಂತ ಹೆಚ್ಚು ಬೇಕು, ಡ್ರೈವರ್ ಬಾಗಿಲ ಬಳಿ ಸ್ಟಿಕ್ಕರ್ ಮೇಲೆ ಪೂರ್ತಿ ಲೋಡಿನ ಅಳತೆ ಬರೆದಿರುತ್ತೆ, ಅಷ್ಟು ಹಾಕಿಸಿ.

ಒಂದು ವೇಳೆ ಬ್ರೇಕ್ ವಾಸನೆ ಬಂದ್ರೆ ಅಗಲ ಇರೋ ಕಡೆ ನಿಲ್ಲಿಸಿ ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ಚಕ್ರಕ್ಕೆ ನೀರು ಸುರಿಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತೆ. ಕಾದಿರೋವಾಗ ಹ್ಯಾಂಡ್‌ಬ್ರೇಕ್ ಮೇಲೆ ನಂಬಿಕೆ ಇಡದೆ ಗೇರಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಸೋಮೇಶ್ವರ ಬುಡ

ಆ ಕಲ್ಲಿನ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಹೊರಡೋವಾಗ ದಯವಿಟ್ಟು ಅದನ್ನ ತೆಗೆದು ರಸ್ತೆಯಿಂದ ಆಚೆ ಹಾಕಿ. ಚಕ್ರಕ್ಕೆ ಕೊಟ್ಟ ಕಲ್ಲನ್ನ ನಡು ರಸ್ತೆಯಲ್ಲೇ ಬಿಟ್ಟು ಹೋಗ್ತಾರೆ. ರಾತ್ರಿ ಕೆಲಸ ಮುಗಿಸಿ ಬೈಕಲ್ಲಿ ಬರೋ ನಮ್ಮ ಹುಡುಗರಿಗೆ ತಿರುವಲ್ಲಿ ಆ ಕಲ್ಲು ಕಾಣೋದು ಮೇಲೆ ಹತ್ತಿದ ಮೇಲೆಯೇ.

ಇನ್ನೊಂದು ಮಂಗಗಳ ವಿಷಯ. ಘಾಟಿಯಲ್ಲಿ ಸಿಂಗಳೀಕ ಇವೆ. ಮುಖದ ಸುತ್ತ ಬೂದು ಬಿಳಿ ಕೇಸರ, ಕಪ್ಪು ಮೈ, ಬಾಲದ ತುದಿಯಲ್ಲಿ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆ ಯಾವ ಕಾಡಲ್ಲೂ ಇಲ್ಲ. ಮರದ ಮೇಲೇ ಬದುಕೋ ಪ್ರಾಣಿ ಅದು, ಮರದಿಂದ ಮರಕ್ಕೆ ಹೋಗಬೇಕೇ ಹೊರತು ನೆಲಕ್ಕೆ ಇಳಿಯೋ ಅಭ್ಯಾಸ ಕಮ್ಮಿ. ಪ್ರವಾಸಿಗರು ಬಾಳೆಹಣ್ಣು, ಚಿಪ್ಸು ಎಸೆದೂ ಎಸೆದೂ ರಸ್ತೆಗೆ ಇಳಿಸಿದ್ದಾರೆ. ಕಾರಿನ ಸದ್ದು ಕೇಳಿದ್ರೆ ತಿಂಡಿ ಬಂತು ಅಂತ ಓಡಿ ಬರ್ತವೆ, ಹಿಂದೆ ಬರೋ ಗಾಡಿಗೆ ಸಿಕ್ಕಿ ಸಾಯ್ತವೆ. ಮರಿ ಹೊಟ್ಟೆಗೆ ಅಂಟ್ಕೊಂಡಿದ್ದ ತಾಯಿ ರಸ್ತೆಯಲ್ಲಿ ಬಿದ್ದಿರೋದನ್ನ ನೋಡಿದ ಮೇಲೆ ನನಗೆ ಈ ಮಾತು ಮೃದುವಾಗಿ ಹೇಳೋಕೆ ಬರಲ್ಲ. ನಿಮ್ಮ ಮಗಳಿಗೆ ಖಂಡಿತ ತೋರಿಸಿ, ಕಾರೊಳಗಿಂದ ತೋರಿಸಿ. ಕಿಟಕಿಯಿಂದ ಏನೂ ಕೊಡಬೇಡಿ. ಇದು ಸೋಮೇಶ್ವರ ವನ್ಯಜೀವಿಧಾಮದ ಒಳಗಿನ ರಸ್ತೆ, ಆಹಾರ ಹಾಕೋದು ತಪ್ಪು ಅಂತ ಬೋರ್ಡೂ ಇದೆ.

ಬೇಸಿಗೆ ಅಂದ್ರೆ ರಸ್ತೆ ಬದಿ ಒಣ ತರಗೆಲೆ ಮೊಣಕಾಲುದ್ದ ಇರುತ್ತೆ. ಸಿಗರೇಟ್ ತುಂಡು ಎಸೆಯೋರು ಅದನ್ನ ಒಂದು ಕ್ಷಣ ಯೋಚಿಸಬೇಕು.

ಕಾಡಂಚು

ಸೂರ್ಯಾಸ್ತದ ಬಗ್ಗೆ ಯಾರೂ ಹೇಳಲಿಲ್ಲ. ಮೇ ತಿಂಗಳಲ್ಲಿ ಆಗುಂಬೆಯಿಂದ ಸೂರ್ಯ ಸಮುದ್ರಕ್ಕೆ ಮುಳುಗೋದು ಕಾಣೋ ಸಾಧ್ಯತೆ ಕಡಿಮೆ. ಕರಾವಳಿ ಮೇಲೆ ಬೇಸಿಗೆಯ ಮಬ್ಬು ಕೂತಿರುತ್ತೆ, ಇಲ್ಲ ಸಂಜೆ ಹೊತ್ತಿಗೆ ಮೋಡ ಕಟ್ಟುತ್ತೆ. ಚೆನ್ನಾಗಿ ಕಾಣೋದು ನವೆಂಬರ್‌ನಿಂದ ಜನವರಿವರೆಗೆ. ಅಪ್ಪನಿಗೆ ಮೊದಲೇ ಹೇಳಿಡಿ.

ಮತ್ತೆ, ಸೂರ್ಯಾಸ್ತ ನೋಡಿ ಇಳಿಯೋ ಯೋಜನೆಯೇ ಹೊಸ ಡ್ರೈವರಿಗೆ ಸರಿ ಇಲ್ಲ. ಸೂರ್ಯ ಮುಳುಗಿದ ತಕ್ಷಣ ಅಲ್ಲಿದ್ದ ಎಲ್ಲ ಗಾಡಿಯೂ ಒಟ್ಟಿಗೆ ಹೊರಡುತ್ತೆ, ಅರ್ಧ ಗಂಟೆಯಲ್ಲಿ ಕತ್ತಲು, ಎದುರು ಬರೋರ ಹೈ ಬೀಮ್ ಕಣ್ಣಿಗೆ. ಅದಕ್ಕೂ ಮುಂಚೆ ಸಂಜೆ ಇಳಿದ್ರೆ ಪಶ್ಚಿಮದ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತೆ. ಬೆಳಿಗ್ಗೆ ಇಳಿಯೋರಿಗೆ ಸೂರ್ಯ ಬೆನ್ನ ಹಿಂದೆ, ಕಣಿವೆ ಸ್ಪಷ್ಟ, ಗಾಡಿ ಕಮ್ಮಿ.

ನನ್ನ ಸಲಹೆ ಹೀಗಿದೆ: ಹಿಂದಿನ ದಿನವೇ ಬಂದು ತೀರ್ಥಹಳ್ಳಿ ಅಥವಾ ಆಗುಂಬೆಯಲ್ಲಿ ಉಳೀರಿ. ದಾರಿಯಲ್ಲಿ ಸಕ್ರೆಬೈಲು ಆನೆ ಬಿಡಾರ ಇದೆ, ಬೆಳಿಗ್ಗೆ ಹೊತ್ತು ತುಂಗೆಯಲ್ಲಿ ಆನೆಗಳಿಗೆ ಸ್ನಾನ ಮಾಡಿಸ್ತಾರೆ, ಮಗು ಮರೆಯಲ್ಲ. ಮಂಡಗದ್ದೆಯಲ್ಲಿ ಮೇ ತಿಂಗಳಲ್ಲಿ ಹಕ್ಕಿ ಗೂಡು ಸಿಗಲ್ಲ, ಅದು ಮಳೆಗಾಲದ ನೋಟ, ನಿಲ್ಲಿಸಬೇಕಿಲ್ಲ. ಕುಪ್ಪಳಿಯಲ್ಲಿ ಕುವೆಂಪು ಮನೆ, ಕವಿಶೈಲ ನೋಡಿ. ಸಾಯಂಕಾಲ ಆಗುಂಬೆ ವ್ಯೂ ಪಾಯಿಂಟಿಗೆ ಹೋಗಿ, ಸೂರ್ಯ ಕಂಡ್ರೆ ಕಂಡ, ಇಲ್ಲಾಂದ್ರೆ ಕಣಿವೆಯಂತೂ ಇದ್ದೇ ಇದೆ. ಮರುದಿನ ಬೆಳಿಗ್ಗೆ ಇಳೀರಿ. ಸಮುದ್ರದಲ್ಲಿ ಸೂರ್ಯ ಮುಳುಗೋದನ್ನ ಅವತ್ತು ಸಂಜೆ ಮಲ್ಪೆ ದಡದಲ್ಲಿ ನಿಂತು ಅಪ್ಪ ನೋಡ್ತಾರೆ.

ಮೇಗರವಳ್ಳಿ

ಇದು ಒಳ್ಳೆ ಯೋಜನೆ. ಆದ್ರೆ ವ್ಯೂ ಪಾಯಿಂಟ್ ಇರೋದೂ ತಿರುವಿನ ಹತ್ತಿರವೇ, ರಸ್ತೆಗೆ ಅಂಟ್ಕೊಂಡೇ. ಕಾರನ್ನ ಬಿಳಿ ಗೆರೆಯ ಒಳಗೆ ಅರ್ಧ ನಿಲ್ಲಿಸಿ ಬಾಗಿಲು ರಸ್ತೆ ಕಡೆ ತೆಗೆಯೋದು ಬೇಡ. ವಯಸ್ಸಾದೋರನ್ನ ಗೋಡೆ ಬದಿಗೆ ಇಳಿಸಿ.

ಬೇಸಿಗೆಯಲ್ಲಿ ಒನಕೆ ಅಬ್ಬಿ, ಬರ್ಕಣದಂಥ ಜಲಪಾತದ ಆಸೆ ಇಟ್ಕೊಂಡು ಬರೋರಿಗೂ ಹೇಳ್ತೀನಿ, ನೀರು ಎಳೆಯಷ್ಟೇ ಇರುತ್ತೆ. ಕುಂದಾದ್ರಿ ಮಾತ್ರ ಹೋಗಿ. ತುದಿಯಲ್ಲಿ ಪಾರ್ಶ್ವನಾಥ ಬಸದಿ, ಬಂಡೆ ಮೇಲೆ ನೀರಿನ ಕೊಳ, ಸುತ್ತ ಮಲೆನಾಡು. ಮೇಲಿನವರೆಗೆ ಡಾಂಬರು ಇದೆ, ಕಿರಿದು ಮತ್ತು ಕಡಿದು, ಐದು ಜನ ತುಂಬಿದ ಸಣ್ಣ ಕಾರಿಗೆ ಒಂದನೇ ಗೇರೇ ಗತಿ.

ಸಾಗರ ಸೀಮೆ

ಕೊಲ್ಲೂರು ಕಡೆಯವರು ಯಾರೂ ಮಾತಾಡ್ತಿಲ್ಲ ಅಂತ ಬಂದೆ. 2025ರ ಜುಲೈನಲ್ಲಿ ಅಂಬಾರಗೊಡ್ಲು ಕಳಸವಳ್ಳಿ ಸೇತುವೆ ಉದ್ಘಾಟನೆ ಆದ್ಮೇಲೆ ನಮ್ಮ ಕಡೆಯ ಲೆಕ್ಕವೇ ಬದಲಾಗಿದೆ. ಮೊದಲು ಸಿಗಂದೂರಿಗೆ ಹೋಗೋಕೆ ಲಾಂಚಿಗೆ ಕಾಯಬೇಕಿತ್ತು. ಲಿಂಗನಮಕ್ಕಿ ಹಿನ್ನೀರಲ್ಲಿ ನೀರು ಇಳಿದ್ರೆ ಬೇಸಿಗೆಯಲ್ಲಿ ಲಾಂಚಿಗೆ ಗಾಡಿ ಹತ್ತಿಸೋದೇ ಕಷ್ಟ ಆಗ್ತಿತ್ತು. ಆಣೆಕಟ್ಟೆ ಮುಗಿದಿದ್ದು 1964ರಲ್ಲಿ, ಅಷ್ಟು ವರ್ಷ ಹಿನ್ನೀರಿನ ಆಚೆ ದಡದ ತುಮರಿ ಜನ ಆಸ್ಪತ್ರೆಗೆ, ಕಾಲೇಜಿಗೆ ನೀರು ದಾಟಿಯೇ ಬಂದಿದ್ದು. ಈಗ 2.44 ಕಿಲೋಮೀಟರ್ ಸೇತುವೆ, ಕಾರಲ್ಲಿ ಮೂರು ನಾಲ್ಕು ನಿಮಿಷ. ಸಾಗರದಿಂದ ತುಮರಿ ಮೇಲೆ ಕೊಲ್ಲೂರಿಗೆ ನೇರ ದಾರಿ ಆಯ್ತು.

ಸೇತುವೆ ಮೇಲೆ ಕಾರು ನಿಲ್ಲಿಸಿ ಫೋಟೋ ತೆಗೆಯೋರು ಹೆಚ್ಚಾಗಿದ್ದಾರೆ, ಅದನ್ನ ಮಾಡಬೇಡಿ. ಆ ಸೇತುವೆಗೆ ತುಮರಿಯವರು ಅರವತ್ತು ವರ್ಷ ಕಾದಿದ್ದಾರೆ, ಅವರ ಆಂಬುಲೆನ್ಸ್ ನಿಮ್ಮ ಕಾರಿನ ಹಿಂದೆ ನಿಲ್ಲಬಾರದು.

ನಾಗೋಡಿಯಿಂದ ಕೊಲ್ಲೂರಿಗೆ ಇಳಿಯೋ ಘಾಟಿ ಮೂಕಾಂಬಿಕಾ ಅಭಯಾರಣ್ಯದ ಒಳಗೆ. ದಟ್ಟ ಕಾಡು, ಮೊಬೈಲ್ ಸಿಗ್ನಲ್ ಬಹಳ ಕಡೆ ಸಿಗಲ್ಲ. ದೇವರ ದರ್ಶನವೂ ಆಗಬೇಕು ಅಂದ್ರೆ ಈ ದಾರಿ. ಬರೀ ಮಲ್ಪೆಗೆ ಅಂದ್ರೆ ಆಗುಂಬೆಯೇ ಹತ್ತಿರ, ಒಪ್ತೀನಿ.

ತುಂಗೆಯ ಮಗಳು

ಮಗುವಿನ ವಾಂತಿ ವಿಷಯ ಯಾರಿಗೂ ನೆನಪಾಗಿಲ್ಲ! ನಾನು ಇಬ್ಬರು ಮಕ್ಕಳನ್ನ ಹಿಂದೆ ಕೂರಿಸ್ಕೊಂಡು ಆಗಾಗ ತೀರ್ಥಹಳ್ಳಿಯಿಂದ ಹೆಬ್ರಿಗೆ ಓಡಿಸ್ತೀನಿ. ಬೆಳಿಗ್ಗೆ ಹೊಟ್ಟೆ ಪೂರ್ತಿ ಖಾಲಿ ಇರಬಾರದು, ಪೂರಿ, ವಡೆಯೂ ಬೇಡ. ಎರಡು ಇಡ್ಲಿ ಸಾಕು. ಹಿಂದಿನ ಸೀಟಿನ ಮಧ್ಯದಲ್ಲಿ ಬೂಸ್ಟರ್, ಅಂದ್ರೆ ಮಕ್ಕಳನ್ನ ಎತ್ತರಕ್ಕೆ ಕೂರಿಸೋ ಸೀಟು, ಸರಿಯಾಗಿ ಕೂರೋದಾದ್ರೆ ಅಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಮುಂದಿನ ರಸ್ತೆ ಕಾಣ್ಬೇಕು. ಕೈಗೆ ಮೊಬೈಲ್ ಕೊಡಲೇಬೇಡಿ, ಕಣ್ಣು ಕೆಳಗೆ, ಮೈ ತಿರುವಲ್ಲಿ, ಅಲ್ಲೇ ಹೊಟ್ಟೆ ತೊಳಸೋದು. ಕಾರಲ್ಲಿ ಇಡೋ ಸುಗಂಧದ ಡಬ್ಬಿ ಇದ್ರೆ ಹಿಂದಿನ ದಿನವೇ ತೆಗೆದುಬಿಡಿ. ಮಾತ್ರೆ ಬೇಕಾದ್ರೆ ಮಕ್ಕಳ ಡಾಕ್ಟರನ್ನ ಕೇಳಿ, ಅಂದಾಜಲ್ಲಿ ಅರ್ಧ ಮಾಡಿ ಕೊಡಬೇಡಿ.

ಎಲ್ಲಕ್ಕಿಂತ ದೊಡ್ಡ ಔಷಧಿ ಡ್ರೈವರ್ ಕೈಯಲ್ಲಿದೆ. ಜೋರಾಗಿ ಬಂದು ತಿರುವಲ್ಲಿ ಗಕ್ಕನೆ ಬ್ರೇಕ್ ಹಾಕಿ ಮತ್ತೆ ಎಳೆದ್ರೆ ದೊಡ್ಡೋರಿಗೂ ವಾಂತಿ ಬರುತ್ತೆ. ತುಂಬಿದ ಪಾಯಸದ ಪಾತ್ರೆ ಮಡಿಲಲ್ಲಿ ಇಟ್ಕೊಂಡ ಹಾಗೆ ಓಡಿಸಿ. ಕೆಳಗೆ ಹೆಬ್ರಿ ಪೇಟೆಯಲ್ಲಿ ಪುನರ್ಪುಳಿ ಶರಬತ್ತು ಕುಡಿಸಿ, ಮೇ ತಿಂಗಳು ಅಂದ್ರೆ ಆ ಹಣ್ಣಿನ ಕಾಲವೇ. ಹೊಟ್ಟೆ ತಣ್ಣಗಾಗುತ್ತೆ.

ಭದ್ರಾವತಿ ಬಯಲು

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ, ಮಲ್ಪೆಯಲ್ಲಿ ಸೂರ್ಯಾಸ್ತ ಅಂದಿದ್ದಕ್ಕೆ ಒಪ್ಪಿದ್ರು. ಬೆಳಿಗ್ಗೆ ಆಗುಂಬೆ ಇಳಿಯೋದು ಖಚಿತ. ಎರಡು ಅನುಮಾನ ಉಳೀತು: ಮೇ ತಿಂಗಳ ಮಳೆಗೆ ಹೆದರಬೇಕಾ? ಮತ್ತೆ ವಾಪಸ್ ಬರೋವಾಗ ಅದೇ ಘಾಟಿ ಹತ್ತೋಕೆ ಈ ಕಾರಿಗೆ ಆಗುತ್ತಾ?

ಮಿನಿ ಬಸ್ ಸ್ಟಿಯರಿಂಗ್

ಆಗುತ್ತೆ, ಧಾರಾಳವಾಗಿ. ಇದಕ್ಕಿಂತ ಸಣ್ಣ ಕಾರು ದಿನಾ ಹತ್ತುತ್ತೆ. ಒಳಗಿನ ತಿರುವಿಗೆ ಬರೋ ಮುಂಚೆಯೇ ಒಂದನೇ ಗೇರು ಹಾಕ್ಕೊಳ್ಳಿ. ಎರಡರಲ್ಲೇ ನೋಡೋಣ ಅಂತ ಹೋದ್ರೆ ನಡು ತಿರುವಲ್ಲಿ ಎಂಜಿನ್ ಉಸಿರು ಬಿಡುತ್ತೆ. ಏರಲ್ಲಿ ನಿಲ್ಲಬೇಕಾದ್ರೆ ಹಾಫ್ ಕ್ಲಚ್‌ನಲ್ಲಿ ಗಾಡಿ ಹಿಡ್ಕೊಂಡು ನಿಲ್ಲಬೇಡಿ, ಕ್ಲಚ್ ಪ್ಲೇಟ್ ಸುಡುತ್ತೆ. ಹ್ಯಾಂಡ್‌ಬ್ರೇಕ್ ಎಳೀರಿ, ನಿಧಾನ ಕ್ಲಚ್ ಬಿಡ್ತಾ ಆಕ್ಸಿಲರೇಟರ್ ಕೊಡಿ, ಬಾನೆಟ್ ಸ್ವಲ್ಪ ಮೇಲೆದ್ದಂತೆ ಆದಾಗ ಹ್ಯಾಂಡ್‌ಬ್ರೇಕ್ ಇಳಿಸಿ. ಊರಲ್ಲೇ ಯಾವುದಾದ್ರೂ ಏರಲ್ಲಿ ನಾಲ್ಕು ದಿನ ಅಭ್ಯಾಸ ಮಾಡ್ಕೊಳ್ಳಿ. ತಾಪಮಾನದ ಮುಳ್ಳು ಏರಿದ್ರೆ ಎಸಿ ಆಫ್ ಮಾಡಿ. ಮುಂದಿನ ಗಾಡಿಯಿಂದ ದೂರ ಇರಿ, ಅವನು ಹಿಂದೆ ಜಾರಬಹುದು.

ಸೋಮೇಶ್ವರ ಬುಡ

ಮಳೆ ವಿಷಯ ನಾನು ಹೇಳ್ತೀನಿ. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರೋದುಂಟು. ಬೇಸಿಗೆಯುದ್ದಕ್ಕೂ ರಸ್ತೆ ಮೇಲೆ ಧೂಳು, ಎಣ್ಣೆ, ತರಗೆಲೆ ಕೂತಿರುತ್ತೆ. ಮೊದಲ ಹನಿ ಬಿದ್ದ ಅರ್ಧ ಗಂಟೆ ರಸ್ತೆ ಜಾರೋದು ಜೋರು ಮಳೆಗಾಲಕ್ಕಿಂತ ಹೆಚ್ಚು. ಗಾಳಿಗೆ ಕೊಂಬೆ ಮುರಿದು ಬೀಳುತ್ತೆ, ಮಳೆ ನಿಂತ ಮೇಲೆ ಮಂಜು ಏಳುತ್ತೆ. ಬೆಳಿಗ್ಗೆ ಇಳಿದ್ರೆ ಇದ್ಯಾವುದೂ ತಾಗಲ್ಲ. ವಾಪಸ್ ಬರೋವಾಗಲೂ ಮಧ್ಯಾಹ್ನದೊಳಗೆ ಹೆಬ್ರಿ ದಾಟಿ. ಮಳೆ ಶುರುವಾದ್ರೆ ಸೋಮೇಶ್ವರದಲ್ಲೇ ನಿಲ್ಲಿಸಿ ಕಾಯಿರಿ, ಘಾಟಿ ಮಧ್ಯೆ ಮರದ ಕೆಳಗೆ ನಿಲ್ಲಿಸಬೇಡಿ. ಮಂಜಿದ್ರೆ ಲೋ ಬೀಮ್ ಹಾಕಿ, ಹಝಾರ್ಡ್ ಲೈಟ್ ಹಾಕ್ಕೊಂಡು ಓಡಿಸಬೇಡಿ, ನೀವು ಯಾವ ಕಡೆ ತಿರುಗ್ತೀರಿ ಅಂತ ಹಿಂದಿನವರಿಗೆ ತಿಳಿಯಲ್ಲ.

ಹತ್ತೋ ಹಿಂದಿನ ದಿನ ಇಲ್ಲಿ ಒಂದು ಸಾಲು ಹಾಕಿ. ಅವತ್ತು ಮಳೆ ಬಿದ್ದಿದೆಯಾ, ಮರ ಏನಾದ್ರೂ ಉರುಳಿದೆಯಾ ಅಂತ ನೋಡಿ ಹೇಳ್ತೀನಿ.